ಅರ ಹಾಕುವ ಬಿಟ್, ಅರ ಮುಟ್ಟಿಸಬಾರದ ಬಿಟ್

ನಾನು ದುಡ್ಡು ಕೊಟ್ಟು ತಂದ ಮೊದಲ ಒಳ್ಳೆಯ ಸೋಲ್ಡರಿಂಗ್ ಟಿಪ್, ಅಂದರೆ ಬೆಸುಗೆ ಹಾಕುವ ಐರನ್ನಿನ ಬಿಸಿ ತುದಿ (ಬಿಟ್ ಅಂದರೂ ಅದೇ), ಎಂಟೇ ದಿನಕ್ಕೆ ಸತ್ತಿತು. ಕೊಂದವನು ನಾನೇ. ಅದೂ ಅಸಡ್ಡೆಯಿಂದಲ್ಲ, ಅತಿ ಕಾಳಜಿಯಿಂದ.

ಶಾಲೆಯ ರಜೆಯಲ್ಲಿ ಹಾಸನದ ಒಂದು ರೇಡಿಯೋ-ಟೇಪ್ ರಿಪೇರಿ ಅಂಗಡಿಯಲ್ಲಿ ಕೂರುತ್ತಿದ್ದೆ. ಅಲ್ಲಿನ ಅಣ್ಣ ಕಲಿಸಿದ ಮೊದಲ ಪಾಠವೇ ಇದು: "ಬಂದ ತಕ್ಷಣ ಬಿಟ್‌ಗೆ ಅರ ಹಾಕು. ತಾಮ್ರ ಕೆಂಪಗೆ ಕಾಣಬೇಕು. ಆಮೇಲೆ ಪ್ಲಗ್ ಹಾಕಿ, ಬಿಸಿಯಾಗ್ತಾ ಇದ್ದಂಗೆ ಲೆಡ್ ಮುಟ್ಟಿಸು." ಲೆಡ್ ಅಂದರೆ ನಮ್ಮ ಕಡೆ ಬೆಸುಗೆ ತಂತಿ. ವರ್ಷಗಟ್ಟಲೆ ಹಾಗೇ ಮಾಡಿದೆ. ಸಂಬಳ ಬರೋಕೆ ಶುರುವಾದ ಮೇಲೆ ಬೆಂಗಳೂರಿನ ಎಸ್‌ಪಿ ರೋಡ್‌ನಿಂದ ಬಿಸಿ ಹೊಂದಿಸುವ ಗುಂಡಿಯಿರುವ ಸೋಲ್ಡರಿಂಗ್ ಸ್ಟೇಷನ್ ಒಂದನ್ನು ತಂದೆ. ಮೂರನೇ ದಿನಕ್ಕೆ ತುದಿ ಸ್ವಲ್ಪ ಕಪ್ಪಾಯಿತು. ಅಭ್ಯಾಸ ಬಲ, ಅರ ತಗೊಂಡೆ. ನಾಲ್ಕು ಸಲ ಉಜ್ಜಿದ್ದಕ್ಕೆ ಫಳಫಳ ಹೊಳೆಯಿತು, ಲೆಡ್ ಎಣ್ಣೆಯ ಹಾಗೆ ಹರಡಿಕೊಂಡಿತು. ಖುಷಿಯೋ ಖುಷಿ. ವಾರ ತುಂಬುವ ಹೊತ್ತಿಗೆ ತುದಿಯ ಪಕ್ಕದಲ್ಲಿ ಒಂದು ಚುಕ್ಕೆ. ಮಾರನೇ ದಿನ ಅದು ತೂತು. ಆರಿದ ಮೇಲೆ ಭೂತಗನ್ನಡಿ ಹಿಡಿದು ಗುಂಡುಸೂಜಿ ಹಾಕಿ ನೋಡಿದೆ. ಮೂರು ಮಿಲಿಮೀಟರ್ ಒಳಗೆ ಹೋಯಿತು. ಹೊರಗೆ ಸಿಪ್ಪೆ ಗಟ್ಟಿ, ಒಳಗೆ ಟೊಳ್ಳು. ಥೇಟ್ ಹುಳುಕು ಹಲ್ಲು.

ಅಣ್ಣ ಹೇಳಿಕೊಟ್ಟಿದ್ದು ಸುಳ್ಳಲ್ಲ. ಅವರ ಬಿಟ್‌ನ ಜಾತಿ ಬೇರೆ, ನನ್ನದರ ಜಾತಿ ಬೇರೆ, ಅಷ್ಟೇ. ಒಂದನ್ನು ಬದುಕಿಸುವ ಆರೈಕೆ ಇನ್ನೊಂದಕ್ಕೆ ವಿಷ. ಹಾಗಾಗಿ ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಈಗ ನಿಮ್ಮ ಕೈಯಲ್ಲಿರುವುದು ಯಾವುದು ಅಂತ ತಿಳಿದುಕೊಳ್ಳಿ.

ಬರೀ ತಾಮ್ರವೋ, ಕಬ್ಬಿಣದ ಲೇಪವೋ

ಯಾವ ಟಿಪ್ ತಗೊಂಡರೂ ಹೊಟ್ಟೆಯಲ್ಲಿರುವುದು ತಾಮ್ರವೇ. ಕಾರಣ ಸರಳ, ತಾಮ್ರ ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಬಿಸಿ ಸಾಗಿಸುತ್ತದೆ. ತೊಂದರೆ ಏನೆಂದರೆ ತಾಮ್ರಕ್ಕೂ ಲೆಡ್‌ನಲ್ಲಿರುವ ತವರಕ್ಕೂ ಭಾರೀ ಸ್ನೇಹ. ತಾಮ್ರ ತಾನೇ ಕರಗಬೇಕಾದರೆ 1085 ಡಿಗ್ರಿ ಬೇಕು, ನಮ್ಮ ಐರನ್ 350ರ ಆಸುಪಾಸಿನಲ್ಲಿರುತ್ತದೆ, ಮತ್ತೆ ಹೇಗೆ ಸವೆಯುತ್ತದೆ ಅಂತ ಕೇಳುವವರಿದ್ದಾರೆ. ಪಾನಕದಲ್ಲಿ ಬೆಲ್ಲ ಕರಗೋಕೆ ಒಲೆ ಬೇಕಾ? ಇಲ್ಲ ಅಲ್ವಾ. ಇದೂ ಹಾಗೆಯೇ. ದ್ರವವಾದ ತವರದಲ್ಲಿ ತಾಮ್ರ ಸುಮ್ನೆ ಕರಗಿ ಸೇರಿಕೊಳ್ಳುತ್ತದೆ. ನೀವು ಹಾಕಿದ ಪ್ರತಿ ಬೆಸುಗೆಯೂ ಬಿಟ್‌ನಿಂದ ಒಂದಿಷ್ಟು ತಾಮ್ರ ತಿಂದೇ ಹೋಗಿರುತ್ತದೆ. ಹಳೇ ಬಿಟ್‌ನ ತುದಿ ಗುಳಿಬಿದ್ದು ಚಮಚದ ಹಾಗೆ ಆಗುವುದು ಇದರಿಂದಲೇ.

ಇದಕ್ಕೆ ಬ್ರಿಟನ್ನಿನ ಮಲ್ಟಿಕೋರ್ ಕಂಪನಿ ಹಿಂದೆ ಒಂದು ಜಾಣ ಉಪಾಯ ಮಾಡಿತ್ತು. ಸೇವ್‌ಬಿಟ್ ಅನ್ನುವ ಲೆಡ್‌ನಲ್ಲಿ ನೂರಕ್ಕೆ ಒಂದೂವರೆ ಪಾಲು ತಾಮ್ರವನ್ನು ಮೊದಲೇ ಬೆರೆಸಿರುತ್ತಿದ್ದರು. ಬೆಲ್ಲ ಜಾಸ್ತಿಯಾದ ಪಾನಕಕ್ಕೆ ಇನ್ನಷ್ಟು ಬೆಲ್ಲ ಹಾಕಿದರೆ ತಳದಲ್ಲೇ ಉಳಿಯುತ್ತದಲ್ಲ, ಅದೇ ಲೆಕ್ಕ.

ಇನ್ನೊಂದು ಉಪಾಯ ತಾಮ್ರದ ಮೇಲೆ ಕಬ್ಬಿಣದ ಅಂಗಿ ತೊಡಿಸುವುದು. ಕಬ್ಬಿಣವೂ ತವರದಲ್ಲಿ ಕರಗುತ್ತದೆ, ಆದರೆ ತುಂಬಾ ನಿಧಾನ. ತುದಿಯ ಹಿಂದಿನ ಭಾಗಕ್ಕೆ ಕ್ರೋಮಿಯಂ ಲೇಪ ಇರುತ್ತದೆ. ಅಲ್ಲಿ ಲೆಡ್ ಅಂಟಬಾರದು ಅಂತಲೇ ಹಾಗೆ ಮಾಡಿರುತ್ತಾರೆ, ಅಂಟುತ್ತಿಲ್ಲ ಅಂತ ಉಜ್ಜೋಕೆ ಹೋಗಬೇಡಿ. ಕಬ್ಬಿಣದ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ಗಿಂತ ತೆಳು. ಅರ ಅದನ್ನು ನಿಮಿಷದಲ್ಲಿ ತೆಗೆದುಬಿಡುತ್ತದೆ. ಒಂದು ಕಡೆ ಕಿಂಡಿ ಬಿದ್ದರೆ ತವರ ಅದರೊಳಗೆ ನುಗ್ಗಿ ತಾಮ್ರವನ್ನು ಒಳಗಿಂದೊಳಗೇ ತಿನ್ನುತ್ತದೆ. ನನ್ನ ಗುಂಡುಸೂಜಿ ಹೋಗಿದ್ದು ಆ ದಾರಿಯಲ್ಲೇ.

ಗುರುತಿಸುವುದು ಹೇಗೆ? ಬಣ್ಣ ನಂಬಬೇಡಿ. ತಾಮ್ರದ ಬಿಟ್‌ಗೂ ತೆಳುವಾಗಿ ನಿಕಲ್ ಬಳಿದು ಬೆಳ್ಳಗೆ ಮಾಡಿ ಮಾರುತ್ತಾರೆ. ಒಂದು ಸಣ್ಣ ಅಯಸ್ಕಾಂತವನ್ನು ತುದಿಗೆ ಹಿಡಿಯಿರಿ. ಟಪ್ ಅಂತ ಕಚ್ಚಿಕೊಂಡರೆ ಕಬ್ಬಿಣದ ಲೇಪ. ಏನೂ ಎಳೆಯದಿದ್ದರೆ, ಅಥವಾ ಹೌದೋ ಅಲ್ಲವೋ ಅನ್ನುವಷ್ಟು ಎಳೆದರೆ, ಬರೀ ತಾಮ್ರ ಅಥವಾ ನಿಕಲ್ ಬಳಿದ ತಾಮ್ರ. ನಿಕಲ್‌ಗೂ ಅಯಸ್ಕಾಂತ ಸ್ವಲ್ಪ ಎಳೆಯುತ್ತದೆ, ಅದಕ್ಕೇ ಎಳೆತ ಎಷ್ಟು ಜೋರು ಅನ್ನುವುದು ಮುಖ್ಯ. ನಾನು ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹಳೇ ಇಯರ್‌ಫೋನಿನಿಂದ ಬಿಚ್ಚಿದ ಅಯಸ್ಕಾಂತ ಇಟ್ಟುಕೊಂಡಿರುತ್ತೇನೆ. ಅಂಗಡಿಯವರು ಒಂದು ಥರಾ ನೋಡುತ್ತಾರೆ, ನೋಡಲಿ.

ಹಾಗಾದರೆ ಯಾರಿಗೆ ಯಾವುದು? ನೇರವಾಗಿ 230 ವೋಲ್ಟ್‌ಗೆ ಹಾಕುವ 25 ವಾಟ್ ಐರನ್ ಇಟ್ಟುಕೊಂಡು ತಿಂಗಳಿಗೆ ನಾಲ್ಕು ವೈರ್ ಅಂಟಿಸುವವರಿಗೆ ತಾಮ್ರದ ಬಿಟ್ ಧಾರಾಳ ಸಾಕು. ಹತ್ತಾರು ರೂಪಾಯಿಗೆ ಸಿಗುತ್ತದೆ, ಸವೆದಷ್ಟೂ ಅರ ಹಾಕಿ ಹೊಸ ಮುಖ ಮಾಡಿಕೊಳ್ಳಬಹುದು. ಪೆನ್ಸಿಲ್ ಇದ್ದ ಹಾಗೆ. ಆದರೆ ದಿನಾ ಕೂತು ಕೆಲಸ ಮಾಡುವವರಿಗೆ, ಮೊಬೈಲ್ ಬೋರ್ಡು, ಎಲ್‌ಇಡಿ ಡ್ರೈವರ್ ಅಂತ ಸಣ್ಣ ಕೆಲಸ ಮಾಡುವವರಿಗೆ ಇದು ಬೇಡ. ಆಕಾರ ದಿನಕ್ಕೊಂದು ಥರ ಆಗುತ್ತದೆ, ಕೈಗೆ ಅಂದಾಜು ಸಿಗುವುದಿಲ್ಲ. ಅವರಿಗೆ ಲೇಪದ ಟಿಪ್ಪೇ ಸರಿ. ಸರಿಯಾಗಿ ನೋಡಿಕೊಂಡರೆ ಒಂದು ಟಿಪ್ ವರ್ಷಗಟ್ಟಲೆ ಬರುತ್ತದೆ. ನೋಡಿಕೊಳ್ಳದಿದ್ದರೆ ಎಂಟು ದಿನ, ಅದಕ್ಕೆ ನಾನೇ ಸಾಕ್ಷಿ.

ಮೂರನೆಯ ಜಾತಿಯೂ ಇದೆ: ಬಿಸಿ ಮಾಡುವ ಕಾಯಿಲ್, ಬಿಸಿ ಅಳೆಯುವ ಸೆನ್ಸರ್ ಎರಡೂ ಟಿಪ್‌ನ ಒಳಗೇ ಕೂತಿರುವ ಕಾರ್ಟ್ರಿಜ್. ಹಕ್ಕೋ ಕಂಪನಿಯ ಟಿ12, ಜೆಬಿಸಿಯ ಸಿ245 ಈ ತರಹದವು. ಹಕ್ಕೋದ ಹಳೇ 936 ಸ್ಟೇಷನ್‌ಗಳಿಗೂ ಅವುಗಳ ನಕಲುಗಳಿಗೂ ಹಾಕುವ 900ಎಂ ಟಿಪ್ ಒಂದು ಟೋಪಿಯಂತೆ ಹೀಟರ್ ಮೇಲೆ ಕೂರುತ್ತದೆ, ಮಧ್ಯೆ ಗಾಳಿಯ ಸಂದಿ ಉಳಿಯುತ್ತದೆ. ಆ ಸಂದಿ ಬಿಸಿಯನ್ನು ತಡೆಯುತ್ತದೆ. ತುದಿ ತಣ್ಣಗಾಯಿತು ಅಂತ ನಾವು ಗುಂಡಿ ತಿರುಗಿಸಿ 400, 420 ಮಾಡುತ್ತೇವೆ, ಟಿಪ್ ಆಯಸ್ಸು ಅಲ್ಲೇ ಕಡಿಮೆಯಾಗುತ್ತದೆ. ಕಾರ್ಟ್ರಿಜ್‌ನಲ್ಲಿ 320ಕ್ಕೇ ಅದೇ ಕೆಲಸ ಆಗುತ್ತದೆ, ಸ್ಟ್ಯಾಂಡಿನಲ್ಲಿಟ್ಟರೆ ತಾನೇ ಬಿಸಿ ತಗ್ಗಿಸಿಕೊಳ್ಳುವ ಸ್ಟೇಷನ್‌ಗಳೂ ಇವೆ. ಬೆಲೆ ಮಾತ್ರ ಕೈ ಸುಡುತ್ತದೆ. ಅಸಲಿ ಕಾರ್ಟ್ರಿಜ್ ಒಂದು ಹೋದರೆ ಹೀಟರೂ ಅದರ ಜೊತೆಗೇ ಹೋದ ಹಾಗೆ. ದುಡಿಮೆ ಇದರ ಮೇಲೇ ಇದ್ದರೆ ತಗೊಳ್ಳಿ. ಹವ್ಯಾಸಕ್ಕಾದರೆ 900ಎಂ ಜಾತಿಯ ಸ್ಟೇಷನ್, ಅದಕ್ಕೆ ಒಳ್ಳೆಯ ಎರಡು ಟಿಪ್, ಅಷ್ಟು ಸಾಕು ಅನ್ನುವುದು ನನ್ನ ಮಾತು. ಸ್ಟೇಷನ್ ನಕಲಿ ಆದರೂ ನಡೆಯುತ್ತದೆ, ಟಿಪ್ ನಕಲಿ ಆಗಬಾರದು. ಹತ್ತು ಟಿಪ್‌ಗಳ ಅಗ್ಗದ ಪ್ಯಾಕೆಟ್ಟಿನಲ್ಲಿ ನನಗೆ ಕೆಲಸಕ್ಕೆ ಬಂದದ್ದು ಎರಡೋ ಮೂರೋ.

ಸೂಜಿಯೋ, ಉಳಿಯೋ

ಟಿಪ್ ಬೇಗ ಸಾಯುವುದಕ್ಕೆ ಅರ್ಧ ಕಾರಣ ಕೊಳ್ಳುವಾಗಲೇ ಆಗಿರುತ್ತದೆ. ಸಣ್ಣ ಕೆಲಸಕ್ಕೆ ಸಣ್ಣ ಮೊನೆ ಅಂದುಕೊಂಡು ಎಲ್ಲರೂ ಸೂಜಿಮೊನೆಯ ಟಿಪ್ ತರುತ್ತಾರೆ. ಆ ಮೊನೆ ಪ್ಯಾಡ್‌ಗೆ (ಬೋರ್ಡಿನಲ್ಲಿ ಬೆಸುಗೆ ಹಾಕುವ ಲೋಹದ ಜಾಗ) ತಾಗುವುದು ಒಂದು ಚುಕ್ಕೆಯಷ್ಟು. ಬಿಸಿ ಇಳಿಯುವುದಿಲ್ಲ. ಇಳಿಯದಿದ್ದಾಗ ನಾವು ಒತ್ತುತ್ತೇವೆ, ಕೆರೆಯುತ್ತೇವೆ, ಬಿಸಿ ಜಾಸ್ತಿ ಮಾಡುತ್ತೇವೆ. ಮೂರೂ ಲೇಪವನ್ನು ತಿನ್ನುವ ಕೆಲಸಗಳೇ. ಅದರ ಮೇಲೆ ಮೊನೆಯಲ್ಲಿ ಲೆಡ್ ನಿಲ್ಲುವುದೂ ಇಲ್ಲ, ಹಿಂದಕ್ಕೆ ಹರಿದು ಮೊನೆಯನ್ನು ಬರಿದಾಗಿಸುತ್ತದೆ.

ಉಳಿಯ ಹಾಗೆ ಚಪ್ಪಟೆ ಬಾಯಿ ಇರುವ ಟಿಪ್ ತಗೊಳ್ಳಿ, 2.4 ಮಿಲಿಮೀಟರ್ ಅಗಲದ್ದು. ಮಾಮೂಲಿ ಬೋರ್ಡ್ ಕೆಲಸದಲ್ಲಿ ಹತ್ತಕ್ಕೆ ಎಂಟು ಅದರಲ್ಲೇ ಆಗುತ್ತವೆ. ಸಣ್ಣ ಕಾಲಿಗೆ ಅದರ ಮೂಲೆ, ದೊಡ್ಡ ಪ್ಯಾಡ್‌ಗೆ ಅದರ ಮುಖ. ಒತ್ತುವುದೇ ಬೇಡ, ಮುಟ್ಟಿಸಿ ಎರಡು ಸೆಕೆಂಡ್ ಹಿಡಿದರೆ ಲೆಡ್ ತಾನೇ ಹರಿಯುತ್ತದೆ. ಜೊತೆಗೆ ಚಾಕುವಿನ ಆಕಾರದ್ದು ಇನ್ನೊಂದು ಇದ್ದರೆ ಸಾಲುಕಾಲಿನ ಐಸಿಗಳಿಗೆ ಅನುಕೂಲ. ಸೂಜಿಮೊನೆ ನನ್ನ ಡಬ್ಬಿಯಲ್ಲೂ ಒಂದಿದೆ. ಇಡೀ ವರ್ಷದಲ್ಲಿ ಎರಡು ಸಲ ತೆಗೆದಿರಬಹುದು.

ಸೀಸ ಇರುವ ಲೆಡ್, ಇಲ್ಲದ ಲೆಡ್

ನಮ್ಮ ಕಡೆ ಬೆಸುಗೆ ತಂತಿಗೇ ಲೆಡ್ ಅನ್ನುತ್ತೇವೆ, ಸೀಸ ಇದ್ದರೂ ಅನ್ನುತ್ತೇವೆ, ಇಲ್ಲದಿದ್ದರೂ ಅನ್ನುತ್ತೇವೆ. ಟಿಪ್‌ಗೆ ಮಾತ್ರ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. 60/40 ಅಂದರೆ 60 ಪಾಲು ತವರ, 40 ಪಾಲು ಸೀಸ. 63/37 ಆದರೆ 183 ಡಿಗ್ರಿಗೆ ಒಂದೇ ಸಲಕ್ಕೆ ಕರಗುತ್ತದೆ. ಸೀಸವಿಲ್ಲದ್ದರಲ್ಲಿ ಜಾಸ್ತಿ ಬಳಸುವ ಎಸ್‌ಎಸಿ305ರಲ್ಲಿ ತವರ 96.5 ಪಾಲು, ಬೆಳ್ಳಿ 3, ತಾಮ್ರ ಅರ್ಧ. ಕರಗುವುದು 217ರ ಮೇಲೆ. ಟಿಪ್ ತಿನ್ನುವುದು ತವರ ಅಂದೆನಲ್ಲ. ಅದರ ಪಾಲೂ ಜಾಸ್ತಿ, ಬೇಕಾದ ಬಿಸಿಯೂ ಜಾಸ್ತಿ. ಕಬ್ಬಿಣದ ಅಂಗಿ ಎರಡು ಕಡೆಯಿಂದಲೂ ಹರಿಯುತ್ತದೆ. ಯುರೋಪಿನಲ್ಲಿ 2006ರ ಜುಲೈನಿಂದ ಎಲೆಕ್ಟ್ರಾನಿಕ್ ಸಾಮಾನಿನಲ್ಲಿ ಸೀಸಕ್ಕೆ ಕಡಿವಾಣ ಬಿತ್ತು. ಹೆಚ್ಚಿನ ಕಾರ್ಖಾನೆಗಳು ಸೀಸವಿಲ್ಲದ ಬೆಸುಗೆಗೆ ಹೊರಳಿದವು. "ಹಿಂದೆ ಟಿಪ್ ಎಷ್ಟು ಬಾಳ್ತಿತ್ತು" ಅಂತ ಹಳಬರು ಗೊಣಗುವುದರಲ್ಲಿ ಸತ್ಯ ಇದೆ.

ಮನೆಯ ರಿಪೇರಿಗೆ, ಕಲಿಯುವವರಿಗೆ ನಾನು 63/37 ಅಥವಾ 60/40 ಅನ್ನೇ ಹೇಳುವುದು, ಒಳಗೆ ಫ್ಲಕ್ಸ್ (ಲೋಹದ ಮೇಲಿನ ಕೊಳೆ ತೆಗೆದು ಲೆಡ್ ಹರಿಯುವಂತೆ ಮಾಡುವ ಪದಾರ್ಥ) ತುಂಬಿದ 0.8 ಮಿಲಿಮೀಟರ್ ತಂತಿ. 320ರಿಂದ 340 ಡಿಗ್ರಿಯಲ್ಲಿ ಆರಾಮಾಗಿ ಕೆಲಸ ನಡೆಯುತ್ತದೆ. ಮುಗಿಸಿದ ಮೇಲೆ ಕೈ ಸೋಪು ಹಾಕಿ ತೊಳೆಯಿರಿ, ಕೆಲಸದ ಮೇಜಿನ ಮೇಲೆ ತಿಂಡಿ ತಟ್ಟೆ ಇಡಬೇಡಿ. ಮಾರಾಟಕ್ಕೆ ಸಾಮಾನು ಮಾಡುವವರಿಗೆ ಸೀಸವಿಲ್ಲದ್ದೇ ಬೇಕಾಗಬಹುದು, ಅವರು 350-370ರಲ್ಲಿ ನಿಲ್ಲಿಸಲಿ. 400 ದಾಟಿದರೆ ಟಿಪ್ ಮೇಲಿನ ಆಸೆ ಬಿಟ್ಟ ಹಾಗೆ.

ಇನ್ನು ಪೇಸ್ಟ್, ಅಂದರೆ ಡಬ್ಬಿಯಲ್ಲಿ ಬರುವ ಫ್ಲಕ್ಸ್. ತಗಡು, ನಲ್ಲಿ ಪೈಪಿನ ಬೆಸುಗೆಗೆ ಬಳಸುವ ಆಸಿಡ್ ಫ್ಲಕ್ಸ್‌ನಲ್ಲಿ ಸತುವಿನ ಕ್ಲೋರೈಡ್ ಇರುತ್ತದೆ. ಅದು ಲೇಪವನ್ನೂ ಬೋರ್ಡನ್ನೂ ಒಟ್ಟಿಗೇ ತಿನ್ನುತ್ತದೆ. ಎಲೆಕ್ಟ್ರಾನಿಕ್ ಕೆಲಸಕ್ಕೆ ರಾಳದ ಫ್ಲಕ್ಸ್ ಮಾತ್ರ.

ಸ್ಪಂಜೋ, ಹಿತ್ತಾಳೆ ನಾರೋ

ಒದ್ದೆ ಸ್ಪಂಜಿಗೆ 350 ಡಿಗ್ರಿಯ ಟಿಪ್ ಮುಟ್ಟಿಸಿದಾಗ ಚುಂಯ್ ಅನ್ನುತ್ತದಲ್ಲ, ಆ ಶಬ್ದ ಬಂದಾಗಲೆಲ್ಲ ಟಿಪ್‌ಗೆ ಪೆಟ್ಟು. ಕಬ್ಬಿಣ, ತಾಮ್ರ ಎರಡೂ ಒಂದೇ ಅಳತೆಯಲ್ಲಿ ಹಿಗ್ಗಿ ಕುಗ್ಗುವುದಿಲ್ಲ. ಸಾವಿರಾರು ಸಲ ಹೀಗಾದರೆ ಪದರದಲ್ಲಿ ಕೂದಲೆಳೆಯಂತಹ ಬಿರುಕು ಬರುತ್ತದೆ. ಬೋರ್‌ವೆಲ್ ನೀರಾದರೆ ಇನ್ನೊಂದು ಕಾಟ: ಗೀಸರ್ ಕಾಯಿಲ್‌ಗೆ ಬಿಳಿ ಸುಣ್ಣ ಕಟ್ಟುವುದನ್ನು ನೋಡಿರುತ್ತೀರಲ್ವಾ, ಆ ಉಪ್ಪುಗಳೇ ಟಿಪ್ ಮೇಲೂ ಕೂರುತ್ತವೆ.

ಹಿತ್ತಾಳೆ ನಾರಿನ ಉಂಡೆ ವಾಸಿ. ಹಿತ್ತಾಳೆ ಕಬ್ಬಿಣಕ್ಕಿಂತ ಮೆತ್ತಗೆ, ಕೊಳೆ ತೆಗೆಯುತ್ತದೆ, ಲೇಪ ಕೆರೆಯುವುದಿಲ್ಲ, ಬಿಸಿಯೂ ಇಳಿಯುವುದಿಲ್ಲ. ಎರಡು ಸಲ ಚುಚ್ಚಿ ತೆಗೆದರೆ ಸಾಕು. ಪಾತ್ರೆ ತಿಕ್ಕುವ ಸ್ಟೀಲ್ ನಾರು ಇದೇ ಥರ ಕಾಣುತ್ತದೆ, ಅದನ್ನು ತರಬೇಡಿ, ಅದು ಗಡಸು. ಸ್ಪಂಜನ್ನು ನಾನು ಪೂರ್ತಿ ಬಿಟ್ಟಿಲ್ಲ. ಸಾಲುಕಾಲಿನ ಐಸಿ ಕೆಲಸದಲ್ಲಿ ಟಿಪ್ ಪೂರಾ ಬೋಳಾಗಬೇಕಾದಾಗ ಬಳಸುತ್ತೇನೆ. ಫಿಲ್ಟರ್ ನೀರಿನಲ್ಲಿ ನೆನೆಸಿ, ಹಿಂಡಿ, ತೇವ ಮಾತ್ರ ಉಳಿದಿರಬೇಕು.

ಆದರೆ ಏನರಲ್ಲಿ ಒರೆಸುತ್ತೀರಿ ಅನ್ನುವುದಕ್ಕಿಂತ ಯಾವಾಗ ಒರೆಸುತ್ತೀರಿ ಅನ್ನುವುದು ದೊಡ್ಡದು. ಹೆಚ್ಚಿನವರು ಕೆಲಸ ಮುಗಿದ ಕೂಡಲೇ ಟಿಪ್ ನೀಟಾಗಿ ಒರೆಸಿ ಸ್ಟ್ಯಾಂಡಿಗೆ ಇಡುತ್ತಾರೆ. ಇದು ತಲೆಕೆಳಗು. ಬರಿಮೈಯ ಬಿಸಿ ಕಬ್ಬಿಣಕ್ಕೆ ಗಾಳಿ ತಾಗಿದರೆ ತುಕ್ಕಿನ ಹಾಗೆ ಕಪ್ಪು ಪದರ ಕಟ್ಟುತ್ತದೆ, ಆ ಪದರಕ್ಕೆ ಲೆಡ್ ಅಂಟುವುದಿಲ್ಲ. ಇಡುವಾಗ ಗಲೀಜಾಗಿಯೇ ಇಡಿ, ಮೇಲೊಂದು ಹನಿ ಹೊಸ ಲೆಡ್ ಹಚ್ಚಿ ಇಡಿ. ತೆಗೆದುಕೊಂಡಾಗ ಒರೆಸಿ. ಸ್ವಿಚ್ ಆರಿಸುವಾಗಲೂ ಹಾಗೆಯೇ, ತುದಿ ಲೆಡ್‌ನಲ್ಲಿ ಮುಳುಗಿರುವಂತೆ ದಪ್ಪಗೆ ಹಚ್ಚಿ ಆರಿಸಿ. ನಮ್ಮಜ್ಜಿ ಹಿತ್ತಾಳೆ ಪಾತ್ರೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಿಸುತ್ತಿದ್ದರು. ಟಿಪ್‌ಗೆ ಗಂಟೆಗೆ ನಾಲ್ಕು ಸಲ ಹಾಕಬೇಕು, ಅಷ್ಟೇ ವ್ಯತ್ಯಾಸ. ಎರಡೂ ಕಡೆ ತವರವೇ ತಡೆಗೋಡೆ.

ಟಿಪ್ ಕೆಲಸದಿಂದ ಸವೆಯುವುದಕ್ಕಿಂತ ಸ್ಟ್ಯಾಂಡಿನಲ್ಲಿ ಸುಮ್ನೆ ಕೂತು ಕೆಡುವುದೇ ಜಾಸ್ತಿ. ಊಟಕ್ಕೆ ಹೋಗುವಾಗ ಆರಿಸಿ. ಫೋನ್ ಬಂದರೆ ಬಿಸಿ ಇಳಿಸಿ. ನೇರ ಪ್ಲಗ್ಗಿನ 25 ವಾಟ್ ಐರನ್‌ಗೆ ಯಾವ ಹಿಡಿತವೂ ಇಲ್ಲ, ಬಿಟ್ಟಷ್ಟು ಹೊತ್ತು ಕಾಯುತ್ತಲೇ ಇರುತ್ತದೆ. ಅದಕ್ಕೆ ಬಲ್ಬಿನ ಡಿಮ್ಮರ್ ಒಂದನ್ನು ಸೇರಿಸಿಕೊಳ್ಳಬಹುದು. ಹಾಸನದ ಅಣ್ಣನ ಉಪಾಯ ಇನ್ನೂ ಅಗ್ಗ: ಸ್ಟ್ಯಾಂಡಿಗೆ ಒಂದು ಸ್ವಿಚ್, ವೈರಿನ ದಾರಿಯಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ). ಐರನ್ ಸ್ಟ್ಯಾಂಡಿನಲ್ಲಿ ಕೂತಾಗ ಕರೆಂಟ್ ಡಯೋಡಿನ ಮೂಲಕವೇ ಹೋಗಬೇಕು, ಅರ್ಧ ಅಲೆ ಮಾತ್ರ ದಾಟುತ್ತದೆ, ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಕೈಗೆತ್ತಿಕೊಂಡರೆ ಮತ್ತೆ ಪೂರ್ತಿ. ಇದು 230 ವೋಲ್ಟಿನ ಕೆಲಸ, ಕೈ ಪಳಗಿದವರು ಮಾತ್ರ ಮಾಡಿ, ಡಬ್ಬಿಯೊಳಗೆ ಮುಚ್ಚಿ ಮಾಡಿ.

ಕಪ್ಪಾಗಿ ಲೆಡ್ ಹಿಡಿಯದಿದ್ದರೆ

ತಾಮ್ರದ ಬಿಟ್ ಆದರೆ ಭಯವಿಲ್ಲ. ಪ್ಲಗ್ ಕಿತ್ತು, ಆರಿದ ಮೇಲೆ ಉದ್ದುದ್ದಕ್ಕೆ ಅರ ಹಾಕಿ. ಬಿಸಿ ಏರುತ್ತಿರುವಾಗಲೇ ಲೆಡ್ ಮುಟ್ಟಿಸುತ್ತಾ ಇರಿ, ಕರಗುವ ಮೊದಲ ಗಳಿಗೆಯಲ್ಲೇ ಹಿಡಿಯಬೇಕು. ಪೂರ್ತಿ ಕಾದ ಮೇಲೆ ಹೋದರೆ ತಾಮ್ರ ಆಗಲೇ ಕಪ್ಪಾಗಿರುತ್ತದೆ. ಹಟಮಾರಿ ಬಿಟ್‌ಗೆ ನವಸಾಗರ ಇದೆ, ಕಲಾಯಿಯವರು ಬಿಸಿ ಪಾತ್ರೆಗೆ ಎರಚಿದಾಗ ದಟ್ಟ ಬಿಳಿ ಹೊಗೆ ಏಳುತ್ತಿತ್ತಲ್ಲ, ಅದೇ. ಬಿಸಿ ಬಿಟ್ಟನ್ನು ಅದರ ಗಟ್ಟಿಗೆ ಉಜ್ಜಿ ಲೆಡ್ ಹಚ್ಚಿದರೆ ಕನ್ನಡಿಯಾಗುತ್ತದೆ. ಕಿಟಕಿ ತೆಗೆದಿಡಿ. ಆಮೇಲೆ ಬಿಟ್ಟನ್ನು ಚೆನ್ನಾಗಿ ಒರೆಸದೆ ಬೋರ್ಡಿನ ಹತ್ತಿರ ಹೋಗಬೇಡಿ. ಇನ್ನೊಂದು: ತಿಂಗಳಿಗೊಮ್ಮೆ ಸ್ಕ್ರೂ ಸಡಿಲಿಸಿ ಬಿಟ್ಟನ್ನು ಹೊರಗೆಳೆದು ಕಪ್ಪು ಹೊಟ್ಟನ್ನು ಕೊಡವಿ. ಇಲ್ಲವಾದರೆ ಅದು ಕೊಳವೆಯಲ್ಲೇ ಕಚ್ಚಿಕೊಂಡು ಮುಂದೆ ಬಿಟ್ ಬದಲಿಸಲು ಹೋದಾಗ ಐರನ್ನೇ ಹಾಳಾಗುತ್ತದೆ.

ಲೇಪದ ಟಿಪ್‌ಗೆ ನವಸಾಗರವೂ ಬೇಡ, ಅರ, ಎಮರಿ ಪೇಪರ್ ಯಾವುದೂ ಬೇಡ. ಮೊದಲು ಬಿಸಿಯನ್ನು 300ಕ್ಕೆ ಇಳಿಸಿ. ಎಲ್ಲರೂ ಏರಿಸುತ್ತಾರೆ, ಏರಿಸಿದಷ್ಟೂ ಕಪ್ಪು ಗಟ್ಟಿಯಾಗುತ್ತದೆ. ರಾಳದ ಪೇಸ್ಟಿನಲ್ಲಿ ಅದ್ದಿ, ಹಿತ್ತಾಳೆ ನಾರಿಗೆ ಚುಚ್ಚಿ, ಹೊಸ ಲೆಡ್ ಸುರಿಯಿರಿ. ಹತ್ತು ಹದಿನೈದು ಸಲ ಮಾಡುವ ಹೊತ್ತಿಗೆ ಒಂದು ಮೂಲೆಯಲ್ಲಿ ಬೆಳ್ಳಿ ಚುಕ್ಕೆ ಕಾಣುತ್ತದೆ. ಕಂಡಿತೋ, ಟಿಪ್ ಬದುಕಿತು. ಅಲ್ಲಿಂದಲೇ ಅಂಚು ಅಂಚಾಗಿ ಹರಡಿಕೊಳ್ಳುತ್ತದೆ. ಆಗದಿದ್ದರೆ ಟಿಪ್ ಟಿನ್ನರ್ ಅಂತ ಸಣ್ಣ ಡಬ್ಬಿ ಸಿಗುತ್ತದೆ, ತವರದ ಪುಡಿಯೂ ಖಾರವಾದ ಫ್ಲಕ್ಸೂ ಬೆರೆತದ್ದು. ಕೆಲಸ ಮಾಡುತ್ತದೆ, ಆದರೆ ದಿನಾ ಬಳಸುವ ಸಾಮಾನಲ್ಲ. ಬಳಸಿದ ಮೇಲೆ ಒರೆಸಿ ಮಾಮೂಲಿ ಲೆಡ್ ಹಚ್ಚಿ. ತೂತು ಬಿದ್ದ ಟಿಪ್‌ಗೆ ಯಾವ ಔಷಧಿಯೂ ಇಲ್ಲ, ಬದಲಿಸಿ.

ಕೊನೆಗೆ ಒಂದು ಬೈಗುಳ, ನನಗೂ ಸೇರಿಸಿ. ಐರನ್ ಬಿಸಿಯಾಗಿದೆ ಅಂತ ವೈರಿನ ಪ್ಲಾಸ್ಟಿಕ್ ಸುಲಿಯುವುದು, ಒಡೆದ ಬಕೆಟ್ ಅಂಟಿಸುವುದು, ಚಪ್ಪಲಿಗೆ ತೂತು ಕೊರೆಯುವುದು. ಪಿವಿಸಿ ಸುಟ್ಟರೆ ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ ಬರುತ್ತದೆ, ಟಿಪ್‌ಗೂ ಕೆಟ್ಟದ್ದು, ಮೂಗಿಗೂ ಕೆಟ್ಟದ್ದು. ಮನೆಯಲ್ಲಿ ಬಕೆಟ್ ಕೆಲಸ ತಪ್ಪಿದ್ದಲ್ಲ, ಅದಕ್ಕೇ ಹಳೇ 25 ವಾಟ್ ಐರನ್‌ಗೆ ಗುಳಿಬಿದ್ದ ತಾಮ್ರದ ಬಿಟ್ ಒಂದನ್ನು ಸಿಕ್ಕಿಸಿ, ಹಿಡಿಗೆ ಕೆಂಪು ಟೇಪ್ ಸುತ್ತಿ ಅಟ್ಟದಲ್ಲಿಟ್ಟಿದ್ದೇನೆ. ಆ ಬಿಟ್‌ಗೆ ಅರ ಕೂಡ ಹಾಕುವುದಿಲ್ಲ.